ಆಟ ಮುಗಿದ ಮೇಲೆ ಉಳಿಯುವ ಫೈಲು: ಲೆವೆಲ್ ಮಾಹಿತಿಯನ್ನು ಉಳಿಸುವ, ಓದುವ ಬಗೆಗಳ ಸಮೀಕ್ಷೆ

ತೊಂಬತ್ತರ ದಶಕದಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟವರಿಗೆ ‘ಡೇಂಜರಸ್ ಡೇವ್’ ಹೊಸ ಹೆಸರಲ್ಲ. ಜಾನ್ ರೊಮೆರೊ ಬರೆದ ಈ ಆಟದ 1990ರ ಡಾಸ್ ಆವೃತ್ತಿಯಲ್ಲಿ ಇದ್ದದ್ದು ಹತ್ತು ಲೆವೆಲ್. ಪ್ರತಿ ಲೆವೆಲ್ಲೂ ಅಡ್ಡಕ್ಕೆ 100, ಎತ್ತರಕ್ಕೆ 10 ಚೌಕಗಳ ಜಾಲ. ಒಂದು ಚೌಕಕ್ಕೆ ಒಂದು ಬೈಟ್. ಗೋಡೆಗೊಂದು ಸಂಖ್ಯೆ, ಬೆಂಕಿಗೊಂದು, ವಜ್ರಕ್ಕೊಂದು. ಇದರ ಜೊತೆಗೆ ಶತ್ರುಗಳು ಸುತ್ತುವ ದಾರಿಗೆ 256 ಬೈಟ್, ಕೊನೆಯಲ್ಲಿ 24 ಬೈಟ್ ಖಾಲಿ ಜಾಗ. ಒಟ್ಟು 1,280. ಹತ್ತು ಲೆವೆಲ್ಲಿಗೆ 12,800 ಬೈಟ್. ಬೆಳಗೆದ್ದರೆ ಮೊಬೈಲಿಗೆ ಬಂದು ಬೀಳುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಆ 12,800 ಬೈಟ್ ಬೇರೆ ಫೈಲಿನಲ್ಲಿರಲಿಲ್ಲ, ಆಟದ ಪ್ರೋಗ್ರಾಮಿನೊಳಗೇ ಹುದುಗಿತ್ತು. ಆಡುವವರು ಹೊಸ ಲೆವೆಲ್ ಸೇರಿಸುವಂತಿರಲಿಲ್ಲ. ಆಟವನ್ನು ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸುವಂತೆಯೂ ಇರಲಿಲ್ಲ. ಪೀರಿಯಡ್ ಮುಗಿದ ಗಂಟೆ ಹೊಡೆದರೆ ಆರನೇ ಲೆವೆಲ್ಲಿನಲ್ಲಿದ್ದವನೂ ಮುಂದಿನ ವಾರ ಮೊದಲನೆಯದರಿಂದಲೇ ಶುರು ಮಾಡಬೇಕು.

ಈಗ ಆಟ ಆಡುವವರ ಮನೆಗಳಲ್ಲೇ ಆಟ ಕಟ್ಟುವವರೂ ಇದ್ದಾರೆ. ನಾನಿರುವ ಕೆಸರೆ ಮೈಸೂರಿನ ಈಶಾನ್ಯದ ಅಂಚಿನ ಬಡಾವಣೆ. ಊರಾಗಿದ್ದದ್ದು ನಗರದೊಳಗೆ ಸೇರಿ, ಹಂತ ಹಂತವಾಗಿ ಸೈಟುಗಳಾಗಿ ಬೆಳೆದ ಜಾಗ. ಇಲ್ಲಿನ ಬೀದಿಗಳಲ್ಲಿ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕಡಿಮೆಯಿಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಚಿಕ್ಕ ಆಟ ಬರೆಯೋಣ ಎಂದು ಹೊರಡುವವರು ಸಾಮಾನ್ಯ. ಚಿತ್ರ ಓಡುತ್ತದೆ, ಸದ್ದು ಬರುತ್ತದೆ, ಅಂಕ ಏರುತ್ತದೆ. ಆಮೇಲೆ ‘ಸೇವ್’ ಎಂಬ ಬಟನ್ನಿನ ಸರದಿ. ಅಲ್ಲಿಗೆ ಕೆಲಸ ನಿಲ್ಲುತ್ತದೆ.

ನಿಂತಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಅಕ್ಷರಗಳಲ್ಲಿ ಬರೆಯುವ ಜೇಸನ್ ಒಳ್ಳೆಯದೋ, ಬರೀ ಬೈಟುಗಳ ಬೈನರಿ ಒಳ್ಳೆಯದೋ? ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದಲ್ಲಿ ಅತಿ ಚಿಕ್ಕ ಪ್ರಶ್ನೆ ಅದು. ಏನನ್ನು ಉಳಿಸಬೇಕು, ಬರೆಯುವಾಗ ಕರೆಂಟ್ ಹೋದರೆ ಏನಾಗುತ್ತದೆ, ಓದುವಾಗ ಎಷ್ಟು ನಂಬಬೇಕು, ಐದು ವರ್ಷದ ಮೇಲೆ ಅದನ್ನು ತೆರೆಯುವವರು ಯಾರು ಎಂಬ ನಾಲ್ಕು ಪ್ರಶ್ನೆಗಳೇ ದೊಡ್ಡವು.

ಪ್ರೋಗ್ರಾಮಿನಿಂದ ಹೊರಬಂದ ಲೆವೆಲ್

ಲೆವೆಲ್ ಎಂಬುದು ಕೋಡ್ ಅಲ್ಲ, ಮಾಹಿತಿ ಎಂಬ ತಿಳಿವಳಿಕೆ ಒಂದೇ ದಿನಕ್ಕೆ ಬಂದದ್ದಲ್ಲ. 1983ರಲ್ಲಿ ಬ್ರೊಡರ್‌ಬಂಡ್ ಹೊರತಂದ ‘ಲೋಡ್ ರನ್ನರ್’ ಆಟದಲ್ಲಿ 150 ಲೆವೆಲ್‌ಗಳ ಜೊತೆಗೆ ಲೆವೆಲ್ ಕಟ್ಟುವ ಎಡಿಟರೂ ಇತ್ತು. ಆಡುವವರೇ ತಮ್ಮ ಲೆವೆಲ್ ಬರೆದು ಫ್ಲಾಪಿಯಲ್ಲಿ ಉಳಿಸಬಹುದಾಯಿತು.

ಜೋರ್ಡನ್ ಮೆಕ್ನರ್ ಅವರ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಇನ್ನೊಂದು ಪಾಠವಿದೆ. ಒಂದು ಲೆವೆಲ್ಲಿಗೆ ಹೆಚ್ಚೆಂದರೆ 24 ಕೋಣೆ, ಕೋಣೆಗೆ 30 ಚೌಕ. ಆಡುವವನಿಗಿರುವುದು ಒಂದು ಗಂಟೆಯ ಅವಧಿ. ಡಾಸ್ ಆವೃತ್ತಿಯಲ್ಲಿ ಮೂರನೇ ಲೆವೆಲ್ಲಿನಿಂದಾಚೆಗೆ ಕಂಟ್ರೋಲ್ ಕೀ ಜೊತೆ ‘ಜಿ’ ಒತ್ತಿದರೆ ಆಟ ಸೇವ್ ಆಗುತ್ತದೆ. ಆ ಸೇವ್ ಫೈಲಿನ ಗಾತ್ರ ಎಂಟೇ ಬೈಟ್: ಉಳಿದ ನಿಮಿಷಕ್ಕೆ ಎರಡು, ನಿಮಿಷದೊಳಗಿನ ತುಣುಕಿಗೆ ಎರಡು, ಲೆವೆಲ್ ಸಂಖ್ಯೆಗೆ ಎರಡು, ಲೆವೆಲ್ ಶುರುವಿನಲ್ಲಿ ಇದ್ದ ಜೀವಕ್ಕೆ ಎರಡು. ಯಾವ ಬಾಗಿಲು ತೆರೆದಿತ್ತು, ಯಾವ ಕಾವಲುಗಾರ ಸತ್ತಿದ್ದ ಎಂಬುದನ್ನು ಬರೆಯುವ ಗೋಜಿಗೇ ಹೋಗಿಲ್ಲ. ಲೋಡ್ ಮಾಡಿದರೆ ಆ ಲೆವೆಲ್ಲಿನ ಮೊದಲಿಗೆ ಬಂದು ನಿಲ್ಲುತ್ತೀರಿ, ಅಷ್ಟೆ. ಎಲ್ಲವನ್ನೂ ಉಳಿಸಲೇಬೇಕೆಂದಿಲ್ಲ, ಏನನ್ನು ಬಿಡಬಹುದು ಎಂಬುದನ್ನು ಆಟದ ಸ್ವಭಾವ ಹೇಳುತ್ತದೆ.

ಮುಂದಿನ ಹೆಜ್ಜೆ 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’. ಅದು ಲೆವೆಲ್, ಚಿತ್ರ, ಸದ್ದು ಎಲ್ಲವನ್ನೂ ‘ವ್ಯಾಡ್’ ಎಂಬ ಒಂದೇ ಫೈಲಿನಲ್ಲಿ ಇಟ್ಟಿತು. ಶುರುವಿನ 12 ಬೈಟ್‌ಗಳಲ್ಲಿ ನಾಲ್ಕಕ್ಷರದ ಗುರುತು, ಒಳಗೆಷ್ಟು ತುಂಡುಗಳಿವೆ ಎಂಬ ಲೆಕ್ಕ, ಪಟ್ಟಿ ಎಲ್ಲಿದೆ ಎಂಬ ವಿಳಾಸ. ಪಟ್ಟಿಯಲ್ಲಿ ತುಂಡೊಂದಕ್ಕೆ 16 ಬೈಟ್: ಎಲ್ಲಿದೆ, ಎಷ್ಟು ಉದ್ದ, ಎಂಟಕ್ಷರದ ಹೆಸರು. ಮೂಲ ವ್ಯಾಡ್ ಮುಟ್ಟದೆ ಮೇಲೊಂದು ‘ಪ್ಯಾಚ್ ವ್ಯಾಡ್’ ಹಾಕಿದರೆ ಆಟಕ್ಕೆ ಹೊಸ ಲೆವೆಲ್ ಸೇರುತ್ತಿತ್ತು. ಮೂವತ್ತು ವರ್ಷ ದಾಟಿದರೂ ಜನ ಡೂಮಿಗೆ ಹೊಸ ಲೆವೆಲ್ ಬರೆಯುತ್ತಿದ್ದಾರೆ. ಪ್ರೋಗ್ರಾಮನ್ನು ಎಷ್ಟೋ ಸಲ ಬೇರೆ ಬೇರೆ ಯಂತ್ರಗಳಿಗೆಂದು ಹೊಸದಾಗಿ ಬರೆದಿದ್ದಾರೆ, ಲೆವೆಲ್ ಫೈಲಿನ ರೂಪ ಮಾತ್ರ ಹಾಗೇ ನಿಂತಿದೆ.

ಕರ್ನಾಟಕದಲ್ಲಿ ಆಟ ಕಟ್ಟುವ ಉದ್ಯಮದ ಕಥೆ ಶುರುವಾಗುವುದು 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್‌ನಿಂದ. 2012ರಲ್ಲಿ ಅನಿಮೇಷನ್, ಗೇಮಿಂಗ್ ವಲಯಕ್ಕೆಂದು ರಾಜ್ಯ ಸರ್ಕಾರ ಪ್ರತ್ಯೇಕ ನೀತಿಯನ್ನೇ ತಂದಿತು. ಆದರೆ ಮೈಸೂರಿಗೆ ಆಟ ದಾಖಲಿಸುವ ಅಭ್ಯಾಸ ಅದಕ್ಕಿಂತ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಇರುವುದೇ ಆಟಗಳಿಗಾಗಿ. ಪಟದ ರೇಖೆ, ಮನೆಗಳು, ಆಟದ ಎಲೆಗಳ ಚಿತ್ರ ಎಲ್ಲವನ್ನೂ ಆಡುವವರಿಂದ ಬೇರೆಯಾಗಿ ಬರೆದಿಟ್ಟ ಕೃತಿ ಅದು. ಇಂದಿನ ಮಾತಿನಲ್ಲಿ ಹೇಳಿದರೆ ಲೆವೆಲ್ ಮಾಹಿತಿಯ ಸಂಗ್ರಹ.

ಪಟ ಬೇರೆ, ಆಟ ಬೇರೆ

ಮೈಸೂರಿನ ಮನೆಗಳಲ್ಲಿ ಇನ್ನೂ ಆಡುವ ಚೌಕಾಬಾರವನ್ನೇ ಕಂಪ್ಯೂಟರಿಗೆ ಬರೆಯುತ್ತೀರಿ ಎಂದುಕೊಳ್ಳಿ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಅಡ್ಡಗೆರೆ ಹಾಕಿದ ಐದು ಮನೆಗಳಲ್ಲಿ ಕಾಯಿ ಕಡಿಯುವಂತಿಲ್ಲ. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದಕ್ಕೆ ಎದುರು. ಇದು ಪಟ, ಯಾರು ಆಡಿದರೂ ಬದಲಾಗದು. ಲೆವೆಲ್ ಮಾಹಿತಿ ಎಂದರೆ ಇದೇ.

ಆಟ ಶುರುವಾದ ಮೇಲೆ ಬದಲಾಗುವುದು ಬೇರೆ. ನಾಲ್ಕು ಜನಕ್ಕೆ ನಾಲ್ಕು ನಾಲ್ಕು ಕಾಯಿ, ಹದಿನಾರು. ಒಂದೊಂದು ಕಾಯಿಯೂ ತನ್ನ ದಾರಿಯಲ್ಲಿ ಎಷ್ಟನೇ ಹೆಜ್ಜೆಯಲ್ಲಿದೆ ಎಂಬುದು 0ಯಿಂದ 24ರೊಳಗಿನ ಸಂಖ್ಯೆ, ಒಂದು ಬೈಟ್ ಸಾಕು. ಯಾರ ಸರದಿ ಎಂಬುದಕ್ಕೆ ಒಂದು. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವಾದ್ದರಿಂದ ಯಾರು ಯಾರು ಕಡಿದಿದ್ದಾರೆ ಎಂಬುದಕ್ಕೆ ಒಂದು. ಒಟ್ಟು 18 ಬೈಟ್.

ಇಷ್ಟೇ ಎಂದುಕೊಂಡವರು ಎಡವುವುದು ಇಲ್ಲೇ. ಕವಡೆಯಲ್ಲಿ ಚೌಕ, ಅಂದರೆ ನಾಲ್ಕು, ಬಿದ್ದಿದೆ, ಇನ್ನೊಂದು ಗರ ಹಾಕುವ ಹಕ್ಕಿದೆ, ಆ ನಾಲ್ಕನ್ನು ಇನ್ನೂ ನಡೆಸಿಲ್ಲ. ಆ ಹೊತ್ತಿನಲ್ಲಿ ಸೇವ್ ಮಾಡಿದರೆ? ನಡೆಸದೆ ಉಳಿದ ಗರಗಳನ್ನೂ ಬರೆಯಬೇಕು. ಮೂರು ಸಲ ಸತತವಾಗಿ ಚೌಕವೋ ಬಾರವೋ ಬಿದ್ದರೆ ಗರ ಸುಟ್ಟುಹೋಗುತ್ತದೆ ಎಂಬ ನಿಯಮ ಒಂದು ಮನೆಯಲ್ಲಿ ಇರುತ್ತದೆ, ಪಕ್ಕದ ಮನೆಯಲ್ಲಿ ಇರುವುದಿಲ್ಲ. ಹಾಗಾದರೆ ಯಾವ ಮನೆಯ ನಿಯಮದಲ್ಲಿ ಈ ಆಟ ನಡೆಯುತ್ತಿತ್ತು ಎಂಬುದೂ ಫೈಲಿನಲ್ಲಿರಬೇಕು. ಆಡಲು ಕೂತ ಮೊಮ್ಮಗ ಒಂದು ಉಪಾಯ ಕಂಡುಹಿಡಿಯುತ್ತಾನೆ: ಕವಡೆ ಹಾಕುವ ಮೊದಲು ಸೇವ್ ಮಾಡುವುದು, ಬೇಡದ ಗರ ಬಿದ್ದರೆ ಲೋಡ್ ಮಾಡಿ ಮತ್ತೆ ಹಾಕುವುದು. ಇದನ್ನು ತಡೆಯಬೇಕಾದರೆ ಗರ ಹುಟ್ಟಿಸುವ ಯಾದೃಚ್ಛಿಕ ಸಂಖ್ಯೆಯ ಯಂತ್ರ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಉಳಿಸಬೇಕು. ಆಗ ಎಷ್ಟು ಸಲ ಲೋಡ್ ಮಾಡಿದರೂ ಬೀಳುವುದು ಅದೇ ಗರ.

ಚದುರಂಗದವರು ಈ ಸಮಸ್ಯೆಯನ್ನು ಎಂದೋ ಬಿಡಿಸಿದ್ದಾರೆ. ಪಟದ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆಯುವ ‘ಫೆನ್’ ಪದ್ಧತಿಯಲ್ಲಿ ಆರು ಅಂಕಣಗಳಿವೆ. ಕಾಯಿಗಳ ಜಾಗ ಅದರಲ್ಲಿ ಒಂದು ಮಾತ್ರ. ಯಾರ ಸರದಿ, ಕೋಟೆ ಕಟ್ಟುವ ಹಕ್ಕು ಉಳಿದಿದೆಯೇ, ಪದಾತಿಯನ್ನು ‘ಆನ್ ಪಾಸಾನ್’ ಹೊಡೆಯಬಹುದಾದ ಮನೆ ಯಾವುದು, ಎರಡು ಬಗೆಯ ನಡೆ ಲೆಕ್ಕ, ಇವು ಉಳಿದ ಐದು. ಪಟದ ಫೋಟೊ ತೆಗೆದರೆ ಇವು ಯಾವುವೂ ಕಾಣುವುದಿಲ್ಲ, ಇವಿಲ್ಲದೆ ಆಟ ಮುಂದುವರಿಯುವುದೂ ಇಲ್ಲ. ಸ್ಥಿತಿಯ ಬದಲು ನಡೆಗಳನ್ನೇ ಮೊದಲಿಂದ ಬರೆದಿಡುವುದು ಇನ್ನೊಂದು ದಾರಿ; ಚದುರಂಗದ ‘ಪಿಜಿಎನ್’ ಮಾಡುವುದು ಅದನ್ನೇ. ಡೂಮಿನ ಡೆಮೊ ಫೈಲುಗಳೂ ಹಾಗೆಯೇ: ಸೆಕೆಂಡಿಗೆ 35 ಸಲ, ಆಟಗಾರನೊಬ್ಬನಿಗೆ ನಾಲ್ಕು ಬೈಟಿನಂತೆ, ಯಾವ ಕೀ ಒತ್ತಿದ ಎಂಬುದನ್ನಷ್ಟೇ ಬರೆಯುತ್ತವೆ. ಫೈಲು ಚಿಕ್ಕದಾಗುತ್ತದೆ, ಆಟವನ್ನು ಮರಳಿ ನೋಡಬಹುದು. ಆದರೆ ಆಟದ ನಿಯಮದಲ್ಲಿ ಒಂದು ಕೂದಲೆಳೆ ಬದಲಾದರೂ ಹಳೆಯ ಡೆಮೊ ದಾರಿ ತಪ್ಪಿ ಗೋಡೆಗೆ ಡಿಕ್ಕಿ ಹೊಡೆಯುತ್ತದೆ.

ಪಟ ಮತ್ತು ಆಟ ಎರಡನ್ನೂ ಬೇರೆ ಬೇರೆ ಫೈಲಿನಲ್ಲಿಡಿ ಎಂಬುದು ಈ ಕ್ಷೇತ್ರದಲ್ಲಿ ಹೆಚ್ಚು ಕಡಿಮೆ ಎಲ್ಲರೂ ಒಪ್ಪುವ ಮಾತು. ಸೇವ್ ಫೈಲಿನಲ್ಲಿ ಪಟದ ಹೆಸರು, ಅದರ ಆವೃತ್ತಿ ಇದ್ದರೆ ಸಾಕು. ಪಟವನ್ನೇ ಮತ್ತೆ ನಕಲು ಮಾಡುವುದು ಬೇಡ.

ಅಕ್ಷರವೋ, ಬೈಟೋ, ಡೇಟಾಬೇಸೋ

ಅಕ್ಷರ ರೂಪಕ್ಕೆ ಅತಿ ಸುಂದರ ಉದಾಹರಣೆ ಸೊಕೊಬಾನ್. ಹಿರೊಯುಕಿ ಇಮಾಬಯಾಶಿ ರೂಪಿಸಿದ, 1982ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಪೆಟ್ಟಿಗೆ ತಳ್ಳುವ ಆಟದ ಲೆವೆಲ್ ಹೀಗಿರುತ್ತದೆ:

```
#######
#  .  #
#  $  #
#  @  #
#######
```

# ಗೋಡೆ, $ ಪೆಟ್ಟಿಗೆ, ಚುಕ್ಕಿ ಪೆಟ್ಟಿಗೆ ಸೇರಬೇಕಾದ ಜಾಗ, @ ಆಡುವವನು. ಗುರಿಯ ಮೇಲೆ ಆಗಲೇ ಕೂತ ಪೆಟ್ಟಿಗೆಗೆ *, ಗುರಿಯ ಮೇಲೆ ನಿಂತ ಮನುಷ್ಯನಿಗೆ +. ಏಳು ಗುರುತುಗಳಲ್ಲಿ ಏಳನೆಯದು ಬರೀ ಖಾಲಿ ಜಾಗ. ನೋಟ್‌ಪ್ಯಾಡಿನಲ್ಲಿ ಬರೆಯಬಹುದು, ಕಣ್ಣಿನಲ್ಲೇ ತಪ್ಪು ಹುಡುಕಬಹುದು, ಪರೀಕ್ಷೆಯ ಉತ್ತರ ಪತ್ರಿಕೆಯ ಹಿಂದೆಯೂ ಗೀಚಬಹುದು. ದೋಷವೂ ಅಲ್ಲೇ ಇದೆ: ಸಾಲಿನ ಮೊದಲ ಖಾಲಿ ಜಾಗಗಳನ್ನು ಯಾವುದಾದರೂ ಮೆಸೇಜಿಂಗ್ ಆ್ಯಪ್ ನುಂಗಿಹಾಕಿದರೆ ಗೋಡೆಗಳು ಪಕ್ಕಕ್ಕೆ ಸರಿಯುತ್ತವೆ. ಅದಕ್ಕಾಗಿಯೇ ಖಾಲಿ ಜಾಗದ ಬದಲು ಅಡ್ಡಗೆರೆ ಬರೆಯುವ ಪದ್ಧತಿಯೂ ರೂಢಿಗೆ ಬಂತು.

ಚೌಕಗಳ ಪಟ ದೊಡ್ಡದಾಗಿ, ಪದರಗಳು ಹೆಚ್ಚಾದಾಗ ಕೈಬರಹ ಸಾಲದು. ಥಾರ್‌ಬ್ಯೋರ್ನ್ ಲಿಂಡೈಯರ್ ಅವರ ‘ಟೈಲ್ಡ್’ ಎಂಬ ಮುಕ್ತ ತಂತ್ರಾಂಶ ಬಳಕೆಗೆ ಬರುವುದು ಇಲ್ಲಿ. ಅದರ ಫೈಲು ಎಕ್ಸ್‌ಎಂಎಲ್. ಜೇಸನ್ ರೂಪದಲ್ಲೂ ಪಡೆಯಬಹುದು. ಚೌಕಗಳ ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆಯಬಹುದು, ಇಲ್ಲವೇ ಒತ್ತಿ ಕುಗ್ಗಿಸಿ ಇಡಬಹುದು. ಮೊದಲ ಬಗೆಯಲ್ಲಿ ಫೈಲು ದೊಡ್ಡದು, ಆದರೆ ನಿನ್ನೆಗೂ ಇವತ್ತಿಗೂ ಯಾವ ಚೌಕ ಬದಲಾಯಿತು ಎಂದು ಬದಲಾವಣೆಗಳ ಜಾಡು ಇಡುವ ಗಿಟ್‌ನಲ್ಲಿ ಕಾಣುತ್ತದೆ. ಎರಡನೆಯದರಲ್ಲಿ ಜಾಗ ಉಳಿಯುತ್ತದೆ, ಬದಲಾವಣೆ ಕಾಣದು. ನಾಲ್ವರು ಸೇರಿ ಮಾಡುವ ಪ್ರಾಜೆಕ್ಟಿಗೆ ಮೊದಲನೆಯದೇ ವಾಸಿ.

ಬೈನರಿ ಬೇಕಾಗುವುದು ಗಾತ್ರ ನಿಜಕ್ಕೂ ದೊಡ್ಡದಾದಾಗ. ಮೈನ್‌ಕ್ರಾಫ್ಟಿನ ಲೋಕವನ್ನು ಒಂದೇ ಉಸಿರಿಗೆ ಬರೆಯಲು ಆಗದು. ಆದ್ದರಿಂದ ಅದು ಲೋಕವನ್ನು 16ಕ್ಕೆ 16ರ ತುಂಡುಗಳನ್ನಾಗಿ ಕತ್ತರಿಸಿ, 32ಕ್ಕೆ 32 ತುಂಡುಗಳನ್ನು, ಅಂದರೆ 1,024ನ್ನು, ಒಂದು ಫೈಲಿನಲ್ಲಿ ಇಡುತ್ತದೆ. ಫೈಲಿನ ಮೊದಲಲ್ಲಿ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ. ಆಡುವವನು ಮುಟ್ಟಿದ ತುಂಡನ್ನು ಮಾತ್ರ ಮತ್ತೆ ಬರೆದರಾಯಿತು.

ಮೂರನೇ ದಾರಿ ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ, ಸರ್ವರ್ ಬೇಡ. ತಮ್ಮದನ್ನು ದೊಡ್ಡ ಡೇಟಾಬೇಸುಗಳ ಪ್ರತಿಸ್ಪರ್ಧಿ ಎನ್ನುವುದಕ್ಕಿಂತ ಫೈಲು ತೆರೆದು ಬರೆಯುವ ಸಾಮಾನ್ಯ ವಿಧಾನಕ್ಕೆ ಬದಲಿ ಎಂದು ನೋಡಿ ಎಂಬುದು ಅದನ್ನು ಕಟ್ಟಿದವರ ಮಾತು. ಅರ್ಧ ಬರೆದು ನಿಂತರೆ ಹಿಂದಿನ ಸ್ಥಿತಿಗೆ ಮರಳುವ ವ್ಯವಸ್ಥೆ, ಆವೃತ್ತಿ ಸಂಖ್ಯೆ ಬರೆದಿಡುವ ಜಾಗ ಎರಡೂ ಅದರಲ್ಲೇ ಇವೆ. ಹತ್ತು ಲೆವೆಲ್ಲಿನ ಆಟಕ್ಕೆ ಇದು ಅತಿಯಾಯಿತು. ಊರು ಕಟ್ಟುವ, ಜಮೀನು ಮಾಡುವ ಬಗೆಯ ಆಟಕ್ಕೆ ಸರಿಯಾದದ್ದು.

ಆಟದ ಎಂಜಿನ್ ಬಳಸುವವರಿಗೆ ಇವುಗಳ ಮೇಲೊಂದು ಹೊದಿಕೆ ಸಿಗುತ್ತದೆ. ಗೋಡೋ ತನ್ನ ದೃಶ್ಯಗಳನ್ನು ಅಕ್ಷರ ರೂಪದಲ್ಲೇ ಇಡಬಲ್ಲದು, ಯೂನಿಟಿಯಲ್ಲೂ ಆ ಆಯ್ಕೆಯಿದೆ. ಯೂನಿಟಿಯ ‘ಪ್ಲೇಯರ್‌ಪ್ರೆಫ್ಸ್’ ಸುಲಭವಾಗಿದೆಯೆಂದು ಲೆವೆಲ್ ಪೂರ್ತಿಯನ್ನು ಅದರಲ್ಲಿ ತುರುಕುವವರಿದ್ದಾರೆ. ಅದು ಸದ್ದಿನ ಮಟ್ಟ, ಭಾಷೆಯ ಆಯ್ಕೆಯಂಥ ಸೆಟ್ಟಿಂಗುಗಳಿಗೆಂದು ಮಾಡಿದ್ದು; ವಿಂಡೋಸಿನಲ್ಲಿ ಅದು ಹೋಗಿ ಸೇರುವುದು ರಿಜಿಸ್ಟ್ರಿಗೆ. ಗೆಳೆಯನಿಗೆ ಪೆನ್‌ಡ್ರೈವಿನಲ್ಲಿ ಕೊಡೋಣವೆಂದರೆ ಫೈಲೇ ಇರುವುದಿಲ್ಲ.

ಕನ್ನಡದ ಬೈಟುಗಳು

ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಹೇಳದ, ನಮಗೆ ಎದುರಾಗುವ ತೊಡಕುಗಳು ಇಲ್ಲಿವೆ. ಚೌಕಾಬಾರದ ಇಡೀ ಪಟದ ಸ್ಥಿತಿಗೆ 18 ಬೈಟ್ ಸಾಕೆಂದೆವಲ್ಲ. ಆಟಗಾರನ ಹೆಸರಿನ ಜಾಗದಲ್ಲಿ ‘ಮೊಮ್ಮಗ’ ಎಂದು ಬರೆದರೆ ಅದೊಂದಕ್ಕೇ 18 ಬೈಟ್. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಒಂದೊಂದೂ ಪ್ರತ್ಯೇಕ ಸಂಕೇತ. ‘ಕೆಸರೆ’ ಕಣ್ಣಿಗೆ ಮೂರಕ್ಷರ, ಸಂಕೇತ ಐದು, ಬೈಟ್ ಹದಿನೈದು. ಪೈಥಾನಿನ ಜೇಸನ್ ಕೋಡಿಗೆ ಏನೂ ಹೇಳದೆ ಬಿಟ್ಟರೆ ಅದು ಪ್ರತಿ ಸಂಕೇತವನ್ನೂ ಆರಕ್ಷರದ ಇಂಗ್ಲಿಷ್ ಗುರುತಾಗಿ ಬರೆಯುತ್ತದೆ. ಅದೇ ‘ಕೆಸರೆ’ ಆಗ 30 ಬೈಟ್, ಮನುಷ್ಯರು ಓದಲಾಗದ ರೂಪದಲ್ಲಿ. ಒಂದು ಆಯ್ಕೆ ಬದಲಿಸಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಡೂಮಿನಂತೆ ಹೆಸರಿಗೆ ಎಂಟೇ ಬೈಟ್ ಇಟ್ಟರೆ ಕನ್ನಡದ ಎರಡು ಸಂಕೇತಗಳ ಮೇಲೆ ಹಿಡಿಸದು. ಲಿನಕ್ಸಿನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಸಂಕೇತ. ಬೈಟ್ ಲೆಕ್ಕದಲ್ಲಿ ಹೆಸರನ್ನು ಕತ್ತರಿಸುವ ಕೋಡ್ ಅಕ್ಷರದ ನಟ್ಟನಡುವೆ ಕತ್ತರಿ ಹಾಕುತ್ತದೆ. ಲೋಡ್ ಮಾಡುವಾಗ ಫೈಲು ಕೆಟ್ಟಿದೆ ಎಂಬ ಸಂದೇಶ ಬರುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಇದು. ಲೆವೆಲ್ಲಿಗೆ ‘ಕೋಟೆ’ ಎಂದು ಹೆಸರಿಟ್ಟಿರಿ. ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ಪ್ರಕಾರ ಎರಡೂ ಒಂದೇ, ತೆರೆಯ ಮೇಲೂ ವ್ಯತ್ಯಾಸ ಕಾಣದು. ಮೊದಲನೆಯದು 12 ಬೈಟ್, ಎರಡನೆಯದು 18. ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿ ಉಳಿಸಿದ ಲೆವೆಲ್ಲನ್ನು ವಿಂಡೋಸಿಗೆ ತಂದರೆ, ಆಟದ ಲೆವೆಲ್ ಪಟ್ಟಿಯಲ್ಲಿ ‘ಕೋಟೆ’ ಇದೆ, ಫೋಲ್ಡರಿನಲ್ಲೂ ‘ಕೋಟೆ’ ಇದೆ, ಪ್ರೋಗ್ರಾಮ್ ಮಾತ್ರ ಫೈಲು ಸಿಗಲಿಲ್ಲ ಎನ್ನುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಮದ್ದು. ಇನ್ನೂ ಒಳ್ಳೆಯದೆಂದರೆ ಫೈಲಿನ ಹೆಸರು ಬರೀ ಸಂಖ್ಯೆಯಾಗಿರಲಿ, ಕನ್ನಡದ ಹೆಸರು ಫೈಲಿನೊಳಗಿರಲಿ.

ವಿಂಡೋಸಿನ ಹಳೆಯ ‘ಕೋಡ್ ಪೇಜ್’ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಎಕ್ಸ್‌ಪಿ ಕಾಲದಲ್ಲಿ ತುಂಗಾ ಫಾಂಟಿನೊಂದಿಗೆ ಅದು ಬಂದದ್ದೇ ಯೂನಿಕೋಡ್ ಆಗಿ. ಆದ್ದರಿಂದ ಸಿ ಭಾಷೆಯ ಹಳೆಯ ಫೈಲು ತೆರೆಯುವ ಕರೆಗಳು, ಬಳಕೆದಾರನ ಹೆಸರು ಕನ್ನಡದಲ್ಲಿದ್ದರೆ, ಅವನ ಫೋಲ್ಡರನ್ನೇ ಕಾಣದೆ ಹೋಗಬಹುದು. ಅಂಕಿಗಳಲ್ಲೂ ಇದೇ ಬಗೆಯ ತೊಡಕು: ಪೈಥಾನ್ ‘೧೨’ ಎಂಬುದನ್ನು ಹನ್ನೆರಡು ಎಂದು ಓದುತ್ತದೆ, ಸಿ ಮತ್ತು ಜಾವಾಸ್ಕ್ರಿಪ್ಟ್ ಓದುವುದಿಲ್ಲ. ತೆರೆಯ ಮೇಲೆ ಕನ್ನಡ ಅಂಕಿ ತೋರಿಸಿ, ಫೈಲಿನಲ್ಲಿ ಸಾಮಾನ್ಯ ಅಂಕಿಯನ್ನೇ ಬರೆಯಿರಿ. ಜರ್ಮನಿಯಲ್ಲಿರುವ ಕನ್ನಡದ ಮನೆಯಲ್ಲಿ ಅದೇ ಆಟ ಓಡಿದರೆ ದಶಮಾಂಶದ ಚುಕ್ಕಿ ಅಲ್ಪವಿರಾಮವಾಗಿ 2.5 ಎಂಬುದು 2,5 ಆಗುವ ಅಪಾಯವೂ ಇದೆ. ಫೈಲಿಗೆ ಬರೆಯುವಾಗ ಸ್ಥಳೀಯ ರೂಢಿಯನ್ನು ಬದಿಗಿಡಬೇಕು.

ಬರೆಯುವಾಗ ಕರೆಂಟ್ ಹೋದರೆ

ನಮ್ಮ ಬೀದಿಯ ವಿದ್ಯಾರ್ಥಿಯೊಬ್ಬನ ಲೆವೆಲ್ ಎಡಿಟರ್ ಚೆನ್ನಾಗಿಯೇ ಇತ್ತು. ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್, ಸೇವ್ ಒತ್ತಿದ ಗಳಿಗೆಯಲ್ಲೇ ಕರೆಂಟ್ ಹೋಯಿತು. ಮತ್ತೆ ಬಂದಾಗ ಫೈಲು ಇತ್ತು, ಹೆಸರು ಇತ್ತು, ಗಾತ್ರ ಸೊನ್ನೆ. ಇದರಲ್ಲಿ ವಿಚಿತ್ರವೇನಿಲ್ಲ. ಇರುವ ಫೈಲನ್ನು ಬರೆಯಲೆಂದು ತೆರೆದಾಗ ಮೊದಲು ಆಗುವ ಕೆಲಸವೇ ಹಳೆಯದನ್ನು ಅಳಿಸುವುದು. ಹೊಸದು ಬರುವುದು ಆಮೇಲೆ. ಆ ನಡುವಿನ ಗಳಿಗೆಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಪರಿಹಾರ ಹಳೆಯದು, ಐದಾರು ಸಾಲಿನ ಕೋಡ್ ಅಷ್ಟೆ. ಮೊದಲು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆಯಿರಿ. ಬರೆದದ್ದು ಮೆಮೊರಿಯಲ್ಲೇ ನಿಲ್ಲದೆ ಡಿಸ್ಕಿಗೆ ಇಳಿಯುವಂತೆ ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿ. ನಂತರ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತನ್ನಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ಹೆಸರು ಬದಲಿಸುವ ಕೆಲಸ ಅವಿಭಾಜ್ಯ: ನೋಡುವವರಿಗೆ ಹಳೆಯದು ಕಾಣುತ್ತದೆ ಇಲ್ಲವೇ ಹೊಸದು, ಅರ್ಧ ಎಂಬುದಿಲ್ಲ. ವಿಂಡೋಸಿನಲ್ಲಿ ಇದಕ್ಕೆಂದೇ ‘ರಿಪ್ಲೇಸ್‌ಫೈಲ್’ ಎಂಬ ಕರೆಯಿದೆ, ಕೇಳಿದರೆ ಹಳೆಯದರ ಒಂದು ಬ್ಯಾಕಪ್ಪನ್ನೂ ಅದೇ ಇಟ್ಟುಕೊಡುತ್ತದೆ. ತಾತ್ಕಾಲಿಕ ಫೈಲನ್ನು ಬೇರೆ ಡ್ರೈವಿನಲ್ಲಿ ಬರೆದರೆ ಈ ಲಾಭ ಸಿಗದು, ಏಕೆಂದರೆ ಡ್ರೈವಿನಿಂದ ಡ್ರೈವಿಗೆ ಹೆಸರು ಬದಲಿಸುವುದೆಂದರೆ ನಕಲು ಮಾಡುವುದೇ.

ಎಲ್ಲಿ ಉಳಿಸಬೇಕು ಎಂಬುದು ಇದರ ಜೊತೆಯ ಪ್ರಶ್ನೆ. ಪ್ರೋಗ್ರಾಮ್ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲಿ ಅಲ್ಲ. ವಿಂಡೋಸ್ ವಿಸ್ತಾದ ಕಾಲದಿಂದ ಅಲ್ಲಿ ಸಾಮಾನ್ಯ ಬಳಕೆದಾರನಿಗೆ ಬರೆಯುವ ಹಕ್ಕಿಲ್ಲ. ಹಳೆಯ ಪ್ರೋಗ್ರಾಮುಗಳು ಹಟ ಹಿಡಿದರೆ ವಿಂಡೋಸ್ ಗುಟ್ಟಾಗಿ ‘ವರ್ಚುವಲ್ ಸ್ಟೋರ್’ ಎಂಬ ಬೇರೆ ಜಾಗಕ್ಕೆ ಬರೆದು, ಹುಡುಕುವವರನ್ನು ಸುತ್ತಾಡಿಸುತ್ತದೆ. ಸೇವ್ ಫೈಲಿಗೆ ವಿಂಡೋಸಿನಲ್ಲಿ ‘ಆ್ಯಪ್‌ಡೇಟಾ’, ಮ್ಯಾಕಿನಲ್ಲಿ ಲೈಬ್ರರಿಯ ‘ಅಪ್ಲಿಕೇಶನ್ ಸಪೋರ್ಟ್’, ಲಿನಕ್ಸಿನಲ್ಲಿ ಮನೆ ಫೋಲ್ಡರಿನ ಅಡಗಿದ ‘ಲೋಕಲ್ ಶೇರ್’ ಜಾಗ. ಆದರೆ ಬಳಕೆದಾರ ತಾನೇ ಕಟ್ಟಿದ ಲೆವೆಲ್ ಅವನ ಸ್ವತ್ತು. ಅದು ‘ಡಾಕ್ಯುಮೆಂಟ್ಸ್’ನಲ್ಲಿ, ಕೈಗೆ ಸಿಗುವಂತಿರಬೇಕು. ಸೈಬರ್ ಕೆಫೆಗಳ ಕಾಲದಲ್ಲಿ ‘ವೈಸ್ ಸಿಟಿ’ ಆಡಿದವರು ಸೇವ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇನ್ನೊಂದು ಕೆಫೆಯಲ್ಲಿ ಮುಂದುವರಿಸುತ್ತಿದ್ದದ್ದು, ಆ ಆಟ ಎಂಟು ಸೇವ್‌ಗಳನ್ನು ‘ಮೈ ಡಾಕ್ಯುಮೆಂಟ್ಸ್’ ಒಳಗೇ ಇಡುತ್ತಿದ್ದುದರಿಂದ.

ಓದುವಾಗ ಅನುಮಾನವಿರಲಿ

ಬರೆದವರು ನಾವೇ ಆದರೂ ಓದುವ ಕೋಡ್ ಯಾರನ್ನೂ ನಂಬಬಾರದು. ಫೈಲಿನ ಮೊದಲಲ್ಲಿ ಗುರುತಿನ ಬೈಟುಗಳಿರಲಿ. ಪಿಎನ್‌ಜಿ ಚಿತ್ರಗಳ ಮೊದಲ ಎಂಟು ಬೈಟುಗಳಲ್ಲಿ ಸಾಲು ಮುರಿಯುವ ಗುರುತುಗಳನ್ನೂ ಜಾಣತನದಿಂದ ಸೇರಿಸಿದ್ದಾರೆ. ಯಾವುದಾದರೂ ತಂತ್ರಾಂಶ ಅದನ್ನು ಅಕ್ಷರದ ಫೈಲೆಂದು ತಿಳಿದು ಸಾಲುಗಳನ್ನು ಬದಲಿಸಿದ್ದರೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತದೆ. ಅಗಲ, ಎತ್ತರದ ಸಂಖ್ಯೆಗಳನ್ನು ಓದಿದ ಕೂಡಲೇ ಮಿತಿಯೊಳಗಿವೆಯೇ ನೋಡಬೇಕು. ಕೆಟ್ಟ ಫೈಲೊಂದು ಅಗಲ ಇನ್ನೂರು ಕೋಟಿ ಎಂದರೆ, ಅಷ್ಟು ಮೆಮೊರಿ ಕೇಳಿ ಕಂಪ್ಯೂಟರೇ ಮಂಡಿಯೂರುತ್ತದೆ. ಕೊನೆಯಲ್ಲಿ, ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಒಂದು ಚೆಕ್‌ಸಮ್ ಇದ್ದರೆ ಅರ್ಧ ನಕಲಾದ ಫೈಲು ತಾನೇ ಒಪ್ಪಿಕೊಳ್ಳುತ್ತದೆ.

ಅತಿ ದೊಡ್ಡ ಅಪಾಯ ಅತಿ ಸುಲಭದ ದಾರಿಯಲ್ಲಿದೆ. ಪೈಥಾನಿನ ‘ಪಿಕಲ್’ ಇಡೀ ಆಬ್ಜೆಕ್ಟನ್ನು ಒಂದೇ ಸಾಲಿನ ಕೋಡಿನಲ್ಲಿ ಉಳಿಸುತ್ತದೆ. ಆದರೆ ಅದನ್ನು ಲೋಡ್ ಮಾಡುವುದೆಂದರೆ ಫೈಲು ಹೇಳಿದ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಲು ಬಿಡುವುದು. ಗುರುತಿಲ್ಲದವರ ಫೈಲನ್ನು ಇದರಲ್ಲಿ ತೆರೆಯಬೇಡಿ ಎಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ಡಾಟ್‌ನೆಟ್‌ನ ‘ಬೈನರಿ ಫಾರ್ಮ್ಯಾಟರ್’ಗೂ ಇದೇ ರೋಗ. ವರ್ಷಗಟ್ಟಲೆ ಎಚ್ಚರಿಸಿದ ಮೇಲೆ ಮೈಕ್ರೋಸಾಫ್ಟ್ 2024ರ ಡಾಟ್‌ನೆಟ್ 9ರಲ್ಲಿ ಅದನ್ನು ತೆಗೆದೇಹಾಕಿತು. ಅಂತರ್ಜಾಲದ ಹಳೆಯ ಪಾಠಗಳಲ್ಲಿ ಆಟ ಸೇವ್ ಮಾಡಲು ಅದನ್ನೇ ಕಲಿಸಿದ್ದಾರೆ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಅದು ಈಗಲೂ ನುಸುಳುತ್ತದೆ. ಗೆಳೆಯರ ನಡುವೆ ಲೆವೆಲ್ ಹಂಚಿಕೊಳ್ಳುವ ಆಟದಲ್ಲಿ ಇಂಥ ದಾರಿ ಹಿಡಿಯಲೇಬಾರದು. ಜಿಪ್ ಮಾಡಿದ ಲೆವೆಲ್ ಕಟ್ಟು ಬಿಚ್ಚುವಾಗಲೂ, ಒಳಗಿನ ಹೆಸರುಗಳು ನಮ್ಮ ಫೋಲ್ಡರಿನಾಚೆಗೆ ಕೈಚಾಚುತ್ತಿವೆಯೇ ಎಂದು ನೋಡಬೇಕು.

ಮುಂದಿನ ಆವೃತ್ತಿಯ ಮುಂದೆ

ಚೌಕಾಬಾರಕ್ಕೆ ಮರಳಿ. ಮೊದಲ ಆವೃತ್ತಿಯಲ್ಲಿ 25 ಮನೆಯ ಪಟ. ಎರಡನೆಯದರಲ್ಲಿ ಏಳಕ್ಕೆ ಏಳರ, 49 ಮನೆಯ ಪಟ ಸೇರಿಸಿದಿರಿ. ಹಳೆಯ ಸೇವ್‌ನಲ್ಲಿ 24 ಎಂದಿದ್ದ ಕಾಯಿ ಹಣ್ಣಾಗಿತ್ತು. ಹೊಸ ಪಟದ ಹೊರಸುತ್ತಿನಲ್ಲೇ 24 ಮನೆ. ಅದೇ ಸಂಖ್ಯೆ ಈಗ ಒಳಸುತ್ತಿನ ಮೊದಲ ಮನೆ. ಗೆದ್ದ ಕಾಯಿ ಮತ್ತೆ ದಾರಿಗೆ ಬಿತ್ತು. ಫೈಲಿನ ಮೊದಲಲ್ಲಿ ‘ಆವೃತ್ತಿ 1’ ಎಂದು ಒಂದು ಬೈಟ್ ಬರೆದಿದ್ದರೆ ಹೊಸ ಪ್ರೋಗ್ರಾಮ್ ಹಳೆಯದನ್ನು ಗುರುತಿಸಿ, ಹಳೆಯ ಲೆಕ್ಕದಲ್ಲೇ ಓದಿ, ಹೊಸ ರೂಪಕ್ಕೆ ಏರಿಸುತ್ತಿತ್ತು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಏರಿಸುವುದು ಅನುಭವಿಗಳ ಪದ್ಧತಿ. ತನಗಿಂತ ಹೊಸ ಆವೃತ್ತಿಯ ಫೈಲು ಸಿಕ್ಕರೆ ಊಹೆ ಮಾಡದೆ, ಮುಟ್ಟದೆ, ಇದು ನನಗೆ ತಿಳಿಯದು ಎಂದು ಹೇಳಿ ನಿಲ್ಲಬೇಕು.

ಆವೃತ್ತಿಗಿಂತ ಆಳವಾದ ಪಾಠವೊಂದು ಕನ್ನಡಿಗರಿಗೆ ಆಗಲೇ ಆಗಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಫಾಂಟುಗಳ ಮೂಲಕ ತೋರಿಸುತ್ತಿದ್ದರು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ; ಕಚೇರಿ, ಅಚ್ಚುಮನೆ ನಡೆದದ್ದು ಅದರಿಂದಲೇ. ಆದರೆ ಫೈಲಿನಲ್ಲಿ ಉಳಿದದ್ದು ಕನ್ನಡವಲ್ಲ, ಆ ಫಾಂಟಿನ ಆಕಾರಗಳ ಸಂಖ್ಯೆಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಫೈಲು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ. ಎಷ್ಟೋ ಪುಸ್ತಕಗಳ ಕರಡು ಇವತ್ತಿಗೂ ಪರಿವರ್ತಕ ತಂತ್ರಾಂಶಗಳ ದಯೆಯಲ್ಲಿದೆ. ವಿವರಣೆಯಿಲ್ಲದ ಬೈನರಿ ಲೆವೆಲ್ ಫೈಲು ಮಾಡುವುದೂ ಅದನ್ನೇ: ಅದನ್ನು ಬರೆದ ಪ್ರೋಗ್ರಾಮ್ ಸತ್ತ ದಿನ ಫೈಲೂ ಸಾಯುತ್ತದೆ.

ಒಟ್ಟಿನಲ್ಲಿ ಆಯ್ಕೆ ಕಷ್ಟದ್ದಲ್ಲ. ಚಿಕ್ಕ ಒಗಟಿನ ಆಟಕ್ಕೆ ಸೊಕೊಬಾನ್ ಬಗೆಯ ಸಾದಾ ಅಕ್ಷರ ಸಾಕು. ಪಟದ ಆಟಕ್ಕೆ, ಪದರಗಳಿರುವ ಲೆವೆಲ್ಲಿಗೆ ಯುಟಿಎಫ್-8ರಲ್ಲಿ ಬರೆದ ಜೇಸನ್ ಅಥವಾ ಟೈಲ್ಡ್‌ನ ಫೈಲು. ಬೆಳೆಯುತ್ತಲೇ ಹೋಗುವ ಲೋಕಕ್ಕೆ ಎಸ್‌ಕ್ಯೂಲೈಟ್, ಇಲ್ಲವೇ ತುಂಡು ತುಂಡಾಗಿ ಬರೆಯುವ ಬೈನರಿ, ಜೊತೆಗೆ ಅದರ ರೂಪವನ್ನು ವಿವರಿಸುವ ಒಂದು ಪುಟ. ಎಲ್ಲಕ್ಕೂ ಆವೃತ್ತಿ ಸಂಖ್ಯೆ, ಎಲ್ಲಕ್ಕೂ ತಾತ್ಕಾಲಿಕ ಫೈಲು ಮತ್ತು ಹೆಸರು ಬದಲಾವಣೆ. ಪಿಕಲ್ ಜಾತಿಯವು ಯಾವುದಕ್ಕೂ ಬೇಡ.

ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವೈವಾದಲ್ಲಿ ಆಟ ಓಡಿಸಿ ತೋರಿಸಿದರೆ ಅಂಕ ಸಿಗುತ್ತದೆ. ಪರೀಕ್ಷಕರು ಇನ್ನೆರಡು ಕೆಲಸ ಹೇಳಬಹುದು. ಸೇವ್ ಆಗುತ್ತಿರುವಾಗಲೇ ಟಾಸ್ಕ್ ಮ್ಯಾನೇಜರಿನಿಂದ ಪ್ರೋಗ್ರಾಮನ್ನು ಕೊಲ್ಲಿ, ಮತ್ತೆ ತೆರೆಯಿರಿ. ಆಮೇಲೆ ಪ್ರೋಗ್ರಾಮನ್ನು ಮುಚ್ಚಿಟ್ಟು, ಪಕ್ಕದ ಗುಂಪಿನ ವಿದ್ಯಾರ್ಥಿಯ ಕೈಗೆ ಲೆವೆಲ್ ಫೈಲನ್ನು ಮಾತ್ರ ಕೊಟ್ಟು, ಇದರಲ್ಲಿ ಏನಿದೆ ಹೇಳು ಎನ್ನಿ. ಈ ಎರಡರಲ್ಲಿ ಪಾಸಾದ ಪ್ರಾಜೆಕ್ಟಿಗೆ ಚಿತ್ರ ಒರಟಾಗಿದ್ದರೂ ಪೂರ್ತಿ ಅಂಕ ಕೊಡಬಹುದು.